ಬಳಗದಿಂದ ಹೊರಬಿದ್ದ ಮಾತು

ಶಿವಲೀಲಾ, ಕೆಲವು ವರ್ಷಗಳ ಹಿಂದೆ ನಿನ್ನ ಬಡ್ತಿ ತಪ್ಪಿಸಿದವಳು ನಾನು. ಬೇಕೆಂದು ಮಾಡಲಿಲ್ಲ ಎಂದು ಬರೆಯಹೊರಟೆ — ಹೊಡೆದುಹಾಕಿದೆ. ಕಳೆದುಕೊಂಡವಳು ನೀನು.

ಕೆಂಗೇರಿಯ ನಮ್ಮ ಕಚೇರಿಯಲ್ಲಿ ಮಹಿಳಾ ಬಳಗ ಶುರುವಾದಾಗ ಮುಂದಾಳಾಗಲು ಯಾರೂ ಒಪ್ಪಲಿಲ್ಲ. ಸಂಬಳವಿಲ್ಲ, ತಂತಮ್ಮ ಕೆಲಸ ಮುಗಿಸಿಕೊಂಡು ಮಾಡಬೇಕು. ನಾನು ಒಪ್ಪಿದೆ. “ಬಿಟ್ಟಿ ಚಾಕರಿಗೂ ಎಷ್ಟು ಗತ್ತು ನೋಡು” ಎಂದು ನನ್ನ ಗಂಡ ರೇಗಿಸುತ್ತಿದ್ದರು. ಗತ್ತು ಇದ್ದದ್ದು ನಿಜ. ಮೇಲಿನವರು ನನ್ನನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಡಬ್ಬಿಗಳನ್ನು ಬಿಚ್ಚಿ ಕೂರುವ ಆ ಕೂಟಕ್ಕೆ ಒಂದೇ ಕಟ್ಟಳೆ — ಇಲ್ಲಿ ಆಡಿದ್ದು ಇಲ್ಲೇ ಇರಬೇಕು. ಪ್ರತಿ ಸಲ ಅದನ್ನು ಗಟ್ಟಿಯಾಗಿ ಹೇಳುತ್ತಿದ್ದವಳು ನಾನೇ. ಒಂದು ದಿನ ನೀನು ರೊಟ್ಟಿ, ಶೇಂಗಾ ಚಟ್ನಿ ಹಂಚುತ್ತಾ ಮೆಲ್ಲಗೆ ಹೇಳಿದೆ — ಮಗುವಿಗಾಗಿ ಚಿಕಿತ್ಸೆ ಪಡೆಯುತ್ತಿದ್ದೀಯೆಂದು, ಮನೆಯಲ್ಲಿ ಅತ್ತೆಗೂ ತಿಳಿಸಿಲ್ಲವೆಂದು. ಅತ್ತೆಗೂ ಹೇಳದ್ದನ್ನು ನಮ್ಮನ್ನು ನಂಬಿ ಹೇಳಿದ್ದೆ.

ಅದಾದ ಸ್ವಲ್ಪ ದಿನಕ್ಕೆ ನಮ್ಮ ವಿಭಾಗದ ಮುಖ್ಯಸ್ಥರು ಕಾಫಿ ಹಿಡಿದು ನನ್ನ ಪಕ್ಕ ನಿಂತರು.

“ಶಿವಲೀಲಾನ ಟೀಮ್ ಲೀಡ್ ಮಾಡೋಣ ಅಂತಿದೀನಿ. ನಿಮ್ಮ ಬಳಗದವರಲ್ವಾ, ಏನಂತೀರಿ?”

“ತುಂಬಾ ಚೆನ್ನಾಗಿ ಕೆಲಸ ಮಾಡ್ತಾಳೆ ಸಾರ್. ಆದ್ರೆ ಪಾಪ, ಈಗ್ಲೇ ಬೇಡ ಅನ್ಸತ್ತೆ. ಮಗೂಗೆ ಅಂತ ಟ್ರೀಟ್‌ಮೆಂಟ್ ತಗೋತಾ ಇದಾಳೆ.”

“ಒಳ್ಳೇದಾಯ್ತು ಹೇಳಿದ್ದು,” ಎಂದರು. ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಆ ಮಾತಿನಲ್ಲಿ ಕರುಣೆ ಎಷ್ಟಿತ್ತು, ಎಲ್ಲರ ಗುಟ್ಟೂ ನನಗೆ ಗೊತ್ತು ಎಂಬ ಜಂಬ ಎಷ್ಟಿತ್ತು — ಬೇರೆ ಮಾಡಿ ನೋಡಲು ಇಂದಿಗೂ ಹೆದರಿಕೆ.

ಹುದ್ದೆ ಬೇರೆಯವರಿಗೆ ಹೋಯಿತು. ನೀನು ನನ್ನ ಬಳಿಗೇ ಬಂದೆ — ಇನ್ಯಾರ ಬಳಿ ಹೋಗುತ್ತೀಯ, ಬಳಗದ ಮುಂದಾಳು ನಾನು.

“ಅಕ್ಕಾ, ನನ್ನ ಕೆಲಸದಾಗ ಏನ್ ಕಮ್ಮಿ ಆತ್ರಿ? ನೀವೊಂದು ಮಾತು ಕೇಳ್ರಿ.”

ಕೇಳುತ್ತೇನೆಂದು ಮಾತು ಕೊಟ್ಟೆ. ಯಾರನ್ನೂ ಕೇಳಲಿಲ್ಲ. ಎರಡು ದಿನ ಬಿಟ್ಟು, “ಮುಂದಿನ ಸಲ ಖಂಡಿತ ಆಗತ್ತೆ ಕಣೇ” ಎಂದು ಮೂಗಿಗೆ ತುಪ್ಪ ಸವರಿದೆ. ನೀನು ನಂಬಿದೆ.

ಮುಂದಿನ ಕೂಟದಲ್ಲಿ ನೀನು, ಆಸ್ಪತ್ರೆಗೆಂದು ರಜೆ ಹಾಕಿದ್ದರಿಂದಲೇ ಹೀಗಾಯಿತು, ಸದ್ಯಕ್ಕೆ ಚಿಕಿತ್ಸೆ ನಿಲ್ಲಿಸಿದ್ದೇನೆ, ಮೊದಲು ಕೆಲಸ ಎಂದೆ. ನಿನ್ನ ಛಲವನ್ನು ಎಲ್ಲರೂ ಹೊಗಳಿದರು. ನಾನೂ ಚಪ್ಪಾಳೆ ತಟ್ಟಿದೆ. ಆಗಲೇ ಬಾಯಿ ಬಿಟ್ಟಿದ್ದರೆ… ಬಿಡಲಿಲ್ಲ. ಮುಂದಾಳುತನ ಹೋದೀತೆಂಬ ಭಯ, ನಾಲ್ಕು ಜನರ ಮುಂದೆ ಮುಖ ತಗ್ಗಿಸಬೇಕಲ್ಲ ಎಂಬ ಭಯ. ಮರು ವರ್ಷ ನಿನಗೆ ಬಡ್ತಿ ಸಿಕ್ಕಿತು, ನಂತರ ನೀನು ಬೇರೆ ಕಂಪನಿಗೆ ಹೋದೆ. ಎಲ್ಲ ಸರಿಹೋಯಿತು ಎಂದುಕೊಂಡು ನೆಮ್ಮದಿಯಾಗಿದ್ದೆ.

ಮೊನ್ನೆ ವಿಜಯನಗರ ಮೆಟ್ರೋ ನಿಲ್ದಾಣದಲ್ಲಿ ಸಿಕ್ಕೆಯಲ್ಲ. ನನ್ನ ಮಕ್ಕಳ ಓದು ವಿಚಾರಿಸಿದೆ. ನಿನ್ನನ್ನು ಏನು ಕೇಳಲಿ ಎಂದು ನಾನು ತಡವರಿಸುತ್ತಿದ್ದಾಗ ನೀನೇ ಹೇಳಿದೆ.

“ನಮಗ ಕೂಡಿ ಬರ್ಲಿಲ್ರಿ ಅಕ್ಕಾ. ನಡುವೆ ನಿಲ್ಲಿಸಬಾರದಿತ್ತು, ತಡ ಆತು ಅಂದ್ರು ಡಾಕ್ಟ್ರು. ನಂದೇ ತಪ್ಪು.”

ಆಗಲೂ ನಾನು — ರೈಲು ಬಂತೆಂದು ಹತ್ತಿಬಿಟ್ಟೆ.

ನಿನ್ನ ತಪ್ಪಲ್ಲ, ಶಿವಲೀಲಾ. ನಿನ್ನ ಕೆಲಸದಲ್ಲಿ ಏನೂ ಕಮ್ಮಿ ಇರಲಿಲ್ಲ. ಈ ವಾರ ಬಳಗದ ಹೊಣೆಯನ್ನು ಬಿಟ್ಟುಕೊಟ್ಟೆ, ಯಾಕೆಂದು ನಿನಗೆ ಹೇಳಿದ ಮೇಲೆಯೇ ಬಳಗದವರಿಗೆ ಹೇಳುವುದು. ಭಾನುವಾರ ಮೂಡಲಪಾಳ್ಯದ ನಿನ್ನ ಮನೆಗೆ ಬಂದು, ಇಲ್ಲಿ ಬರೆದದ್ದನ್ನೆಲ್ಲ ನಿನ್ನೆದುರು ಕೂತು ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ.