ಸೂಜಿಗಣ್ಣಿಯ ಬೂದು ಪಟ್ಟಿ

"ಹುಡುಗ ಬಂಗಾರ. ಆದರೆ ಮನೇಲಿ ಒಬ್ಬಳು ತಂಗಿ ಇದ್ದಾಳೆ, ಫೋಟೊ ತೊಳೀತಾಳೆ. ಅವಳ ಕಣ್ಣು ತಪ್ಪಿಸಿ ಸಂಸಾರ ಮಾಡೋದು ಕಷ್ಟ." ನನ್ನ ಮದುವೆಯ ಮಾತು ತಂದ ಸೋದರತ್ತೆ ಅಮ್ಮನ ಕಿವಿಯಲ್ಲಿ ಹೀಗೆ ಹೇಳಿದ ದಿನವೇ ನಾದಿನಿಯ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದದ್ದು. ಫೋಟೊ ತೊಳೆಯುವವಳು ಪಾತ್ರೆಯನ್ನೂ ತೊಳೆದಾಳು ಎಂದು ಸಮಾಧಾನ ಮಾಡಿಕೊಂಡೆ. ಹೋಗಿ ನೋಡಿದರೆ, ಪಾತ್ರೆಯ ಕಡೆ ಅವಳು ತಲೆ ಹಾಕಿಯೂ ಮಲಗುತ್ತಿರಲಿಲ್ಲ. ನಾನು ತೊಳೆದ ಪಾತ್ರೆಯ ಕಲೆ ಮಾತ್ರ ಬಾಗಿಲಲ್ಲಿ ನಿಂತೇ ಅವಳಿಗೆ ಕಾಣುತ್ತಿತ್ತು. ಬೀದಿಯವರು ಸೂಜಿಗಣ್ಣಿ ಎನ್ನುತ್ತಿದ್ದರು. ಅವಳು ಅದನ್ನು ಬಿರುದಿನ ಹಾಗೆ ಹೊತ್ತು ತಿರುಗುತ್ತಿದ್ದಳು.

ಕಾಲ ಉರುಳಿತು. ಅವಳ ಫೋಟೊ ಅಂಗಡಿಯಲ್ಲಿ ಫಿಲ್ಮು ತೊಳೆಯುವ ಕತ್ತಲೆ ಕೋಣೆ ಹೋಗಿ ಮಂಚದಷ್ಟು ಉದ್ದದ ಪ್ರಿಂಟರ್ ಬಂತು. ನನ್ನವರು ತೀರಿಕೊಂಡ ಮೇಲೆ ಅವರ ಫೋಟೊ ದೊಡ್ಡದು ಮಾಡಿ ಕೊಟ್ಟಳು. ನನ್ನ ಕಣ್ಣು ಆಗಿನ್ನೂ ಚೆನ್ನಾಗಿತ್ತು, ಮುಖ ಕೊಂಚ ನೀಲಿಗಟ್ಟಿದ ಹಾಗೆ ಕಂಡಿತು. ಆದರೆ ಸೂಜಿಗಣ್ಣಿಗೆ ಬಣ್ಣದ ಪಾಠ ಹೇಳುವವರು ಯಾರು? ಗೋಡೆಗೆ ಹಾಕಿಕೊಂಡೆ. ಮಧ್ಯಾಹ್ನ ಅವಳ ಅಂಗಡಿಯಲ್ಲಿ ಕೂರುವುದು ನನಗೆ ರೂಢಿಯಾಯಿತು.

"ಒಂದೊಂದು ಕಾಗದ ಒಂದೊಂದು ಥರ ಶಾಯಿ ಕುಡಿಯುತ್ತೆ ಅತ್ತಿಗೆ. ಯಾವುದಕ್ಕೆ ಎಷ್ಟು ಕುಡಿಸಬೇಕು ಅಂತ ಪ್ರಿಂಟರಿಗೆ ಹೇಳಿಕೊಡೋ ಲೆಕ್ಕಾನೇ ಪ್ರೊಫೈಲ್," ಎನ್ನುತ್ತಿದ್ದಳು. ಅದಕ್ಕಾಗಿ ಹಾಳೆಯ ತುಂಬ ಬಣ್ಣದ ಪುಟ್ಟ ಚೌಕಗಳನ್ನು ಮುದ್ರಿಸಿ, ಒಣಗಿಸಿ, ಅವುಗಳ ಮೇಲೆ ಸಾಲು ಸಾಲಾಗಿ ಬಣ್ಣ ಅಳೆಯುವ ಒಂದು ಯಂತ್ರ ಓಡಿಸುವಳು. ಕಂಪ್ಯೂಟರ್ ಲೆಕ್ಕ ಕಟ್ಟಿದ ಮೇಲೆ ತಾನೂ ಕಣ್ಣಳತೆಯಲ್ಲಿ ಒಂದಿಷ್ಟು ತಿದ್ದುವಳು. "ಅಳತೆ ಯಂತ್ರದ್ದು, ಉಪ್ಪು ನಂದು." ಕೊನೆಗೆ ಕಪ್ಪಿನಿಂದ ಬಿಳಿಗೆ ಹೋಗುವ ಒಂದು ಬೂದು ಪಟ್ಟಿ ತೆಗೆದು ಪರೀಕ್ಷೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಣ್ಣ ಜಾರಬೇಕು.

ಒಂದು ದಿನ ಅವಳ ಹಳೆಯ ಗಿರಾಕಿ, ಫೋಟೊಗ್ರಾಫರ್, ಮುಂಜಾವಿನ ಆಕಾಶದ ಚಿತ್ರ ವಾಪಸು ತಂದ. "ಅಕ್ಕಾ, ನನ್ನ ಆಕಾಶಕ್ಕೆ ಮೆಟ್ಟಿಲು ಕಟ್ಟಿದ್ದೀರಲ್ಲ. ಬೆಳಕು ಶುರುವಾಗೋ ಕಡೆ ನೀಲಿ ಅಂಚು ನೋಡಿ. ಪ್ರದರ್ಶನ ಹತ್ತಿರ ಬಂತು. ಈ ವಾರ ಸರಿಹೋಗದಿದ್ದರೆ ಬೇರೆ ಕಡೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ."

ಅವಳಿಗೆ ಯಾವ ಅಂಚೂ ಕಾಣಲಿಲ್ಲ. ಆದರೆ ಹಿಂದಿನ ವಾರ ಇನ್ನೊಬ್ಬರೂ ಇದನ್ನೇ ಹೇಳಿದ್ದರು. ಸುಮ್ಮನಿದ್ದರೆ ಗಿರಾಕಿಯ ಜೊತೆ ಬಿರುದೂ ಹೋಗುತ್ತದೆ. ಪ್ರಿಂಟರಿನ ಶಾಯಿ ತೂತು ಕಟ್ಟಿಕೊಂಡಿದೆಯೇ ಎಂದು ಗೆರೆ ಎಳೆಸಿ ನೋಡಿದಳು, ಒಂದೂ ತುಂಡಾಗಿರಲಿಲ್ಲ. ಕಾಗದದ ಹೊಸ ಪೊಟ್ಟಣ ಒಡೆದಳು. ಚೌಕಗಳ ಹಾಳೆಯನ್ನು ಇಡೀ ದಿನ ಒಣಗಿಸಿ ಮತ್ತೆ ಅಳೆದಳು, ಮತ್ತೆ ತನ್ನ ಉಪ್ಪು ಹಾಕಿದಳು. ಪಟ್ಟಿಯನ್ನು ನನ್ನ ಮುಂದೆ ಹಿಡಿದಳು. "ಎಲ್ಲಿದೆ ಅತ್ತಿಗೆ ಮೆಟ್ಟಿಲು?"

ಆ ವರ್ಷ ನನ್ನ ಬಲಗಣ್ಣಿನ ಪೊರೆ ತೆಗೆಸಿದ್ದೆ. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವುದು ಆಗಿನಿಂದ ನನಗೊಂದು ಆಟ. ಹಾಗೇ ನೋಡಿದೆ.

"ಎಡಗಣ್ಣಿಗೆ ಸರಿ ಇದೆ. ಬಲಗಣ್ಣಿಗೆ ಇಲ್ಲಿಂದಾಚೆ ನೀಲಿ."

"ನಿನ್ನ ಕಣ್ಣುಗಳೇನು ಪಾಲಾದ ಅಣ್ಣತಮ್ಮಂದಿರಾ? ಒಂದೊಂದು ಒಂದೊಂದು ಸಾಕ್ಷಿ ಹೇಳ್ತವೆ."

"ಪೊರೆ ತೆಗೆದಿರೋದು ಬಲಗಣ್ಣಿಂದು. ಎಡಗಣ್ಣಿಂದು ಹಾಗೇ ಇದೆ."

ಅವಳ ನಗು ನಿಂತಿತು. ಎದ್ದು ಹೋಗಿ, ತಿದ್ದುಪಡಿಯನ್ನೆಲ್ಲ ತೆಗೆದು, ಬರೀ ಯಂತ್ರದ ಲೆಕ್ಕದಲ್ಲಿ ಇನ್ನೊಂದು ಪಟ್ಟಿ ತೆಗೆದಳು. "ತಿಳಿ ಬಣ್ಣವೆಲ್ಲ ಹಳದಿ," ಎಂದಳು. ನನ್ನ ಬಲಗಣ್ಣಿಗೆ ಅದು ಅಪ್ಪಟ ಬೂದು, ಎಲ್ಲೂ ಬೆಸುಗೆಯಿಲ್ಲ.

ಅವಳು ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಳು. "ಕಾಮಾಲೆ ಕಣ್ಣಿನ ಗಾದೆ ನನಗೇ ಅಂಟಿತಾ? ನನ್ನ ಕಣ್ಣಲ್ಲೂ ಪೊರೆ. ಹಳದಿ ಕಾಣುತ್ತೆ ಅಂತ ತಿಳಿ ಬಣ್ಣಕ್ಕೆಲ್ಲ ನೀಲಿ ಸುರಿದೆ. ಎಲ್ಲಿ ಸುರಿಯೋಕೆ ಶುರು ಮಾಡಿದೆನೋ ಅಲ್ಲೇ ಮೆಟ್ಟಿಲು." ಆಮೇಲೆ ಕಣ್ಣೊರೆಸಿಕೊಂಡು, "ನಿನ್ನ ಬಲಗಣ್ಣು ಒಂದು ವಾರ ಬಾಡಿಗೆಗೆ ಕೊಡು," ಎಂದಳು.

ಕೊಟ್ಟೆ. ಹೊಸ ಆಕಾಶ ನೋಡಿ ಫೋಟೊಗ್ರಾಫರ್, "ಮೆಟ್ಟಿಲು ಎಲ್ಲಿತ್ತಕ್ಕಾ?" ಎಂದ. ಶಾಯಿಯದೋ ಕಾಗದದ್ದೋ ತಪ್ಪು ಎಂದಿದ್ದರೆ ಅವನು ನಂಬುತ್ತಿದ್ದ. "ನನ್ನ ಕಣ್ಣಲ್ಲಿತ್ತಪ್ಪ, ತೆಗೆಸ್ತೀನಿ," ಎಂದಳು. ಮುಂದಿನ ಚಿತ್ರಗಳನ್ನೂ ಅವನು ಅವಳಲ್ಲಿಗೇ ತಂದ.

ಪೊರೆ ತೆಗೆಸಿಕೊಂಡು ನಮ್ಮ ಮನೆಗೆ ಬಂದವಳು ಗೋಡೆ ನೋಡಿ ಹೊಸ್ತಿಲಲ್ಲೇ ನಿಂತಳು. "ಅಣ್ಣನ್ನ ಚಳೀಲಿ ನಿಲ್ಲಿಸಿಬಿಟ್ಟಿದ್ದೀನಲ್ಲ ಅತ್ತಿಗೆ, ಹೇಳಬಾರದಿತ್ತಾ?"

"ಇದ್ದಷ್ಟು ದಿನ ಮೂಗಿನ ತುದೀಲೇ ಸಿಟ್ಟು. ಈಗಲಾದರೂ ತಣ್ಣಗಿರಲಿ ಅಂತ ಬಿಟ್ಟೆ."

ಬೇರೆ ಮಾಡಿಕೊಡುತ್ತೇನೆ ಎಂದಳು. ನನಗೆ ಆ ನೀಲಿಯೇ ಅಭ್ಯಾಸವಾಗಿತ್ತು, ಒಪ್ಪಲಿಲ್ಲ. ಬಂದಾಗಲೆಲ್ಲ ಇದೇ ಜಗಳ, ಅವಳು ಹಾಸಿಗೆ ಹಿಡಿಯುವವರೆಗೂ.

ಕೊನೆಯ ಸಲ ನೋಡಲು ಹೋದಾಗ ದಿಂಬಿನ ಪಕ್ಕದಿಂದ ಸುರುಳಿಯೊಂದನ್ನು ಎಳೆದು ನನ್ನ ಮಡಿಲಿಗೆ ಹಾಕಿದಳು. ಬಿಚ್ಚಿದರೆ ನನ್ನವರು, ಸಿಟ್ಟು ಬರುವುದಕ್ಕೆ ಮುಂಚಿನ ಕೆಂಪು ಕೆನ್ನೆಯ ಸಮೇತ.

"ಇನ್ನು ಹಟ ಮಾಡಬೇಡ ಅತ್ತಿಗೆ. ಆ ನೀಲಿ ಅಣ್ಣನ್ನ ಇಳಿಸಿ ಇವನನ್ನ ಹಾಕು. ನಾಳೆ ನಿನ್ನ ಮನೆಗೆ ಬಂದವರು, ಸೂಜಿಗಣ್ಣಿ ಮಾಡಿದ್ದು ಇದೇನಾ ಅಂತ ಅದನ್ನ ನೋಡೋದು ಬೇಡ."