ಲಿಂಗಕ್ಕೆ ಮುಟ್ಟಿದ ಔಷಧಿ

ಶಿರಾ ಗೇಟಿನ ಕೊಬ್ಬರಿ ವ್ಯಾಪಾರಿ ಕರಿಬಸವಯ್ಯನವರು ನಮ್ಮ ಪಕ್ಕದ ಮನೆಯವರು. ಇಷ್ಟಲಿಂಗಕ್ಕೆ ಅರ್ಪಿಸದೆ ಒಂದು ಲೋಟ ನೀರನ್ನೂ ಕುಡಿದವರಲ್ಲ. ಉಸಿರೇ ಪ್ರಾಣಲಿಂಗ ಎಂದು ಮಠದಲ್ಲಿ ಕೊರೆಯಲು ಶುರುಮಾಡಿದರೆ ಊಟಕ್ಕೆ ಎಲೆ ಹಾಕುವವರೆಗೂ ನಿಲ್ಲಿಸುತ್ತಿರಲಿಲ್ಲ. ಅಂಥವರಿಗೇ ಉಸಿರು ಕೈಕೊಟ್ಟಿತು. ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡು, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಔಷಧಿಗಳೆಲ್ಲ ಸೋತವು.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಜೀನ್ ಔಷಧಿಯ ಪ್ರಯೋಗಕ್ಕೆ ಅವರು ಆಯ್ಕೆಯಾದರು. ಮಾತ್ರೆಯಲ್ಲ, ಇಂಜೆಕ್ಷನ್ನೂ ಅಲ್ಲ. ಸಣ್ಣದೊಂದು ಯಂತ್ರ ಅದನ್ನು ಮಂಜು ಮಾಡಿ ಮಾಸ್ಕಿಗೆ ಕಳಿಸುತ್ತದೆ. ಒಳಗೆಳೆದುಕೊಂಡರೆ ಶ್ವಾಸಕೋಶದ ಜೀವಕೋಶಗಳಿಗೆ ರಿಪೇರಿಯ ಪಾಠ ಹೇಳಿಕೊಡುತ್ತದಂತೆ. ಯಂತ್ರ ಮನೆಗೇ ಬಂತು. ಹೇಳಿದಂತೆ ತೆಗೆದುಕೊಳ್ಳದಿದ್ದರೆ ಪ್ರಯೋಗದಿಂದ ಕೈಬಿಡುತ್ತೇವೆ ಎಂದು ಆಸ್ಪತ್ರೆಯವರು ಮೊದಲೇ ಹೇಳಿದ್ದರು. ನೇಮ ತಪ್ಪದ ಮನುಷ್ಯನಿಗೆ ಈ ಮಾತು ಹೇಳಬೇಕೆ ಎಂದು ನನಗೆ ನಗು ಬಂದಿತ್ತು.

ತಿಂಗಳುಗಳಾದರೂ ಗುಣ ಕಾಣಲಿಲ್ಲ. ಪ್ರಯೋಗ ನೋಡಿಕೊಳ್ಳುತ್ತಿದ್ದ ಡಾಕ್ಟರ್ ನಂದಿತಾ ಮನೆಗೇ ಬಂದು, "ಹೇಗ್ ತಗೋತೀರಾ, ತೋರ್ಸಿ ಯಜಮಾನ್ರೇ" ಎಂದರು. ಕರಿಬಸವಯ್ಯನವರು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಮಾಸ್ಕನ್ನು ಅದರ ಮೇಲೆ ಕವುಚಿ, ಯಂತ್ರ ಹಾಕಿ, ಕಣ್ಣು ಮುಚ್ಚಿ ಮಂತ್ರ ಹಿಡಿದರು. ಮಂತ್ರ ಮುಗಿದು ಮಾಸ್ಕು ಮೂಗಿಗೆ ಬರುವಷ್ಟರಲ್ಲಿ ಔಷಧಿಯೂ ಮುಗಿದಿತ್ತು.

"ಎಲ್ಲಾ ವೇಸ್ಟ್ ಆಯ್ತಲ್ಲ!"

"ಲಿಂಗಕ್ಕೆ ಕೊಟ್ಟಿದ್ದು ವೇಸ್ಟ್ ಅಂತೀರೇನಮ್ಮಾ?"

ಉರಿದುಬಿದ್ದವರು ಹೆಂಡತಿ ಬಸವಲಿಂಗಮ್ಮ. "ಉಸ್ರೇ ಲಿಂಗ ಅಂತ ಊರಿಗೆಲ್ಲಾ ಹೇಳ್ತೀರ. ಒಳಗಿರೋ ಲಿಂಗಕ್ಕೆ ಒಂದ್ ಗುಟುಕೂ ಕೊಡ್ಲಿಲ್ವಲ್ರೀ!"

ಭಾಷಣಕಾರರು ಮಾಸ್ಕನ್ನು ನೇರ ಮೂಗಿಗೇ ಹಿಡಿದರು. ಉಳಿದಿದ್ದ ಕೊನೆಯ ಡೋಸನ್ನು ಪೂರ್ತಿ ಎಳೆದುಕೊಂಡರು.

ನಂಬಿದರೆ ನಂಬಿ, ಸ್ವಲ್ಪ ದಿನಕ್ಕೆ ಮಠದ ಮೆಟ್ಟಿಲನ್ನು ಎಲ್ಲೂ ಕೂರದೆ ಹತ್ತಿದರು. ನನಗೆ ಖುಷಿಗೆ ಕಣ್ಣಲ್ಲಿ ನೀರು ಬಂತು. ಆದರೆ ಔಷಧಿ ಕಂಪನಿ, ಹಿಂದಿನ ಡೋಸುಗಳು ಒಳಗೇ ಹೋಗಿಲ್ಲ, ಈ ರೋಗಿ ಬೇಡ ಎಂದಿತು. ನಂದಿತಾ ಜಗಳವಾಡಿ ಸೋತು, ಯಂತ್ರ ವಾಪಸ್ ಒಯ್ಯಲು ಬಂದರು.

"ನಂಗೆ ಗುಣ ಆಗಿದ್ದು ದಿಟ ತಾನೇ?"

"ದಿಟ. ಆದ್ರೆ ಗುಣ ಉಳೀಬೇಕಾದ್ರೆ ಇನ್ನೂ ಡೋಸ್ ಬೇಕು. ಅವ್ರ ರೂಲ್ಸು ಒಪ್ಪಲ್ಲ."

ಕರಿಬಸವಯ್ಯನವರು ವಾದಿಸಲಿಲ್ಲ. "ರೂಲ್ಸ್ ಅಂದ್ಮೇಲೆ ಮುರಿಯಕ್ಕಾಯ್ತದಾ, ಬುಡಿ" ಎಂದು ಯಂತ್ರವನ್ನು ತಾವೇ ಒರೆಸಿ ಕೊಟ್ಟರು. ಬಸವಲಿಂಗಮ್ಮ ಅದರ ವಯರನ್ನು ಹಿಡಿದುಕೊಂಡೇ ನಿಂತಿದ್ದರು.