ಅಂಚಿನ ಹಸಿರನ್ನು ನಂಬದ ಏಡಿಯಕ್ಕ

ಇಳಿತದ ನೀರು ಬೇರುಗಳ ಸಂದಿಯಿಂದ ಇನ್ನೂ ಜಾರುತ್ತಿರುವಾಗಲೇ ಆಕೆ ಮೊಣಕಾಲುದ್ದದ ಕೆಸರಿಗೆ ಇಳಿದಿದ್ದಾರೆ. ಮೂಡಣ ಕೆಂಪೇರುವಷ್ಟರಲ್ಲಿ ನಾಲ್ಕು ಗೂಟ ನೆಟ್ಟು, ಹಗ್ಗ ಬಿಗಿದು, ಹತ್ತು ಮೀಟರಿನ ಚೌಕ ಸಿದ್ಧ. ಅದರೊಳಗಿನ ಮರಗಳ ಸುತ್ತಳತೆ, ಸಸಿಗಳ ಸಂಖ್ಯೆ, ಏಡಿಬಿಲಗಳ ಎಣಿಕೆ ಎಲ್ಲವೂ ಉಬ್ಬರ ಮರಳುವ ಮುನ್ನ ಮುಗಿಯಬೇಕು. ಕೈಯಲ್ಲಿರುವುದು ಮೂರೇ ಗಂಟೆ. ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಆರೋಗ್ಯವನ್ನು ಹನ್ನೊಂದು ವರ್ಷಗಳಿಂದ ಹೀಗೆ ಅಳೆಯುತ್ತ ಬಂದಿರುವ ಈ ಸಮೀಕ್ಷಾ ಸಹಾಯಕಿಯನ್ನು ದೋಣಿಕಟ್ಟೆಯವರು ಕರೆಯುವುದು ಏಡಿಯಕ್ಕ ಎಂದೇ.

"ಏಡಿ ಮಣ್ಣು ತೋಡಿದ್ರೆ ಬೇರಿಗೆ ಗಾಳಿ. ಬಿಲ ಕಮ್ಮಿ ಆಯ್ತು ಅಂದ್ರೆ ಮರಕ್ಕೆ ಉಸಿರು ಕಟ್ತಿದೆ ಅಂತ," ಎನ್ನುತ್ತಾರೆ, ತಲೆಯೆತ್ತದೆಯೇ.

ಕೆಸರಿನಲ್ಲಿ ಹುದುಗಿದ ಚಿಪ್ಪುಗಳು ಅವರ ಅಂಗಾಲನ್ನು ಎರಡು ಬಾರಿ ಸೀಳಿವೆ. ಆಸ್ಪತ್ರೆಯವರ ಹೊಲಿಗೆ ಸೊಟ್ಟ, ತನ್ನ ಕೈಗೆ ಕೊಟ್ಟಿದ್ದರೆ ಗುರುತೇ ಉಳಿಯುತ್ತಿರಲಿಲ್ಲ ಎಂಬುದು ದರ್ಜಿಯಾದ ಪತಿಯ ಪರಿಹಾಸ.

ಕಳೆದ ವರ್ಷ ಮರವೊಂದು ಉರುಳಿ ವಾಡಿಕೆಯ ಕಾಲುವೆ ಮುಚ್ಚಿದಾಗ, ಅವರು ಕಾಡಿನ ನಡುವನ್ನೇ ಹಾದು ಬರಬೇಕಾಯಿತು. ಮೇಲೆ ಹಸಿರು ಚಪ್ಪರ; ಕೆಳಗೆ ಕೊಳೆತ ವಾಸನೆ. ಅಂಚಿನಲ್ಲಿ ಒಂದು ಚದರ ಮೀಟರಿಗೆ ನಲವತ್ತು ಬಿಲಗಳಿದ್ದರೆ ಇಲ್ಲಿ ಮೂರು. ಸಸಿ ಒಂದೂ ಇಲ್ಲ. ಹೊಸ ಏರಿಯೊಂದು ತೊರೆಯನ್ನು ತಡೆದು, ಒಳನುಗ್ಗಿದ ನೀರು ಹಿಂದಿರುಗದಂತೆ ಮಾಡಿತ್ತು. ಆಗ ಹೊಳೆದದ್ದು ಅವರ ಎದೆಯನ್ನೇ ಚುಚ್ಚಿತು: ತಾವು ಆರಿಸಿದ್ದ ಇಪ್ಪತ್ತು ಚೌಕಗಳೂ ದೋಣಿಯಿಂದ ಕೂಗಿದರೆ ಕೇಳುವಷ್ಟು ದೂರದವು. ವರ್ಷವರ್ಷವೂ ಬರೆದ 'ಆರೋಗ್ಯ ಉತ್ತಮ' ಎಂಬ ಮಾತು ಬರಿಯ ಅಂಚಿನದು.

ಸಮೀಕ್ಷೆಯ ಮುಖ್ಯಸ್ಥರು ಉಪಗ್ರಹದ ಚಿತ್ರ ತೋರಿಸಿ, ಎಲ್ಲ ಹಸಿರೇ ಇದೆಯಲ್ಲ, ಹಳೆಯದನ್ನು ಕೆದಕಿದರೆ ಕೆಡುವುದು ನಿಮ್ಮ ಹೆಸರೇ ಎಂದು ಎಚ್ಚರಿಸಿದರು. ಆದರೆ ಈ ಬಾರಿಯೂ ವರದಿ 'ಉತ್ತಮ' ಎಂದರೆ ಏರಿಯನ್ನು ಒಡೆದು ನೀರಿಗೆ ದಾರಿ ಬಿಡುವವರಿಲ್ಲ. ಏಡಿಯಕ್ಕ ಜಗ್ಗಲಿಲ್ಲ.

"ತಪ್ಪು ನಂದೇ ಸಾರ್. ಕೆಳಗೆ ಸಹಿನೂ ನಂದೇ. ಅದನ್ನೂ ಸೇರಿಸಿ ಬರೀರಿ."

ತನ್ನ ಬರಹವನ್ನು ತಾನೇ ಅಲ್ಲಗಳೆಯುವುದು ಕಠಿಣ ವ್ರತ. ತಿಂಗಳ ಕೊನೆಯೊಳಗೆ ನಡುಗಾಡಿನ ಹನ್ನೆರಡು ಚೌಕಗಳ ಅಳತೆ ಕೈಸೇರಿದರೆ ವರದಿಯಲ್ಲಿ ಸೇರಿಸುವುದಾಗಿ ಮುಖ್ಯಸ್ಥರು ಒಪ್ಪಿದ್ದಾರೆ. ಒಳಗೆ ಹೋಗಿಬರುವುದಕ್ಕೇ ಅರ್ಧ ಇಳಿತ ಕಳೆಯುತ್ತದೆ. ಒಮ್ಮೆ ಸೊಂಟದವರೆಗೆ ಹೂತು, ಬೇರು ಹಿಡಿದು ಮೇಲೆದ್ದದ್ದೂ ಉಂಟು. ಇಂದಿನದು ಹತ್ತನೆಯದು.

ಮುಂದೇನು ಆಸೆ ಎಂದು ಕೇಳಿದರೆ ಕೆಸರುಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಏರಿ ಒಡೆದು ನೀರು ಬಿಟ್ಮೇಲೆ, ನನ್ನ ನಂತರದವರು ಯಾರಾದ್ರೂ ಇಲ್ಲಿಗೇ ಬರ್ಲಿ. ಬಂದು, ಏಡಿಯಕ್ಕ ಬರೆದಿದ್ದು ಈಗ ಸುಳ್ಳು, ಕಾಲಿಡೋಕೆ ಜಾಗ ಇಲ್ದಷ್ಟು ಸಸಿ ಇದೆ ಅಂತ ಬರೀಲಿ. ಅಷ್ಟಾದ್ರೆ ಸಾಕು ನಂಗೆ."